ನೊಗದಿಂದ ಎಂಜಿನ್ನಿಗೆ: ಬಾದಾಮಿ–ಬಾಗಲಕೋಟೆ ಸೀಮೆಯ ನೆಲದಲ್ಲಿ ಚಲಿಸುವ ತೋಪಿನ ಚರಿತ್ರೆ

(ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)

ಪೀಠಿಕೆ

ಗುಂಡು ಹಾರಿಸುವ ಕೊಳವೆಯನ್ನೂ ಅದನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವ ಬಲವನ್ನೂ ಒಂದೇ ವಾಹನದ ಮೇಲೆ ಕೂಡಿಸಿದ ಯುದ್ಧಯಂತ್ರಕ್ಕೆ ಸ್ವಯಂಚಾಲಿತ ಫಿರಂಗಿ ಎಂದು ಹೆಸರು. ತಾನಾಗಿಯೇ ಗುಂಡು ತುಂಬಿಕೊಂಡು ಹಾರಿಸುವ ಆಯುಧವೆಂದು ಇಲ್ಲಿ ತಿಳಿಯಬಾರದು. ಎತ್ತು, ಕುದುರೆ ಅಥವಾ ಬೇರೊಂದು ಲಾರಿಯ ಹಂಗಿಲ್ಲದೆ ತನ್ನದೇ ಎಂಜಿನ್ನಿನಿಂದ ಚಲಿಸಿ, ನಿಂತ ಜಾಗದಿಂದಲೇ ಗುಂಡು ಹಾರಿಸಿ, ಶತ್ರು ಗುರಿ ಹಿಡಿಯುವುದರೊಳಗೆ ಜಾಗ ಬದಲಿಸುವುದು ಅದರ ಲಕ್ಷಣ. ಈ ಯಂತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1917ರ ಯುರೋಪಿನ ರಣರಂಗದಿಂದ ಆರಂಭಿಸುತ್ತಾರೆ. ಎಂಜಿನ್ನಿನ ಚರಿತ್ರೆಯ ಮಟ್ಟಿಗೆ ಅದು ಸರಿಯಾದ ಆರಂಭವೇ ಹೌದು. ಆದರೆ ಆ ಯಂತ್ರ ಪರಿಹರಿಸಿದ ಸಮಸ್ಯೆ, ಎಂದರೆ ಟನ್ನುಗಟ್ಟಲೆ ತೂಕದ ತೋಪನ್ನು ಬೇಕಾದ ಹೊತ್ತಿಗೆ ಬೇಕಾದ ಜಾಗಕ್ಕೆ ಹೇಗೆ ಒಯ್ಯಬೇಕೆಂಬ ಸಮಸ್ಯೆ, ಅದಕ್ಕಿಂತ ನಾಲ್ಕು ನೂರು ವರ್ಷ ಹಳೆಯದು, ಮತ್ತು ಆ ಸಮಸ್ಯೆಯೊಂದಿಗೆ ಅತ್ಯಂತ ದೀರ್ಘಕಾಲ ಸೆಣಸಿದ ನೆಲಗಳಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ನಡುವಿನ ಈ ಸೀಮೆಯೂ ಒಂದು.

ತೋಪಿನ ಶಕ್ತಿಯನ್ನು ಅದರ ಬಾಯಿಯ ಅಗಲದಿಂದ ಅಳೆಯುವ ರೂಢಿ ಹಳೆಯದು. ದಖ್ಖನಿನ ಯುದ್ಧಗಳ ಫಲಿತಾಂಶಗಳನ್ನು ಒಂದರ ಮುಂದೊಂದು ಇಟ್ಟು ನೋಡಿದರೆ, ಬಾಯಿಗಿಂತ ಗಾಲಿಯೇ ಹೆಚ್ಚು ಸಲ ನಿರ್ಣಾಯಕವಾಗಿತ್ತೆಂಬುದು ತಿಳಿಯುತ್ತದೆ. ಈ ಮಾತನ್ನು ಬಾದಾಮಿ, ಬಾಗಲಕೋಟೆ, ಹುನಗುಂದ, ಇಳಕಲ್ಲುಗಳ ನೆಲದ ಆಧಾರದ ಮೇಲೆ ಸ್ಥಾಪಿಸುವುದು ಪ್ರಸ್ತುತ ಉಪನ್ಯಾಸದ ಉದ್ದೇಶ.

1. ನೆಲ ಮತ್ತು ಋತು

ತೋಪಿನ ಚಲನೆಯನ್ನು ಅರಿಯಬೇಕಾದರೆ ಮೊದಲು ನೆಲವನ್ನು ಅರಿಯಬೇಕು. ಹುನಗುಂದ ಸೀಮೆಯ ಬಹುಭಾಗ ಎರೆಭೂಮಿ; ಬೇಸಿಗೆಯಲ್ಲಿ ಅದು ಬಿರುಕು ಬಿಟ್ಟು ಕಲ್ಲಿನಂತೆ ಗಟ್ಟಿಯಾಗುತ್ತದೆ, ಎರಡು ಹದಮಳೆ ಬಿದ್ದರೆ ಸಾಕು, ಗಾಲಿಯ ಹಳಿಗೆ ಮೆತ್ತಿಕೊಂಡು ಬಂಡಿಯನ್ನು ಅಚ್ಚಿನವರೆಗೆ ಹೂತುಬಿಡುತ್ತದೆ. ಇಳಕಲ್ಲಿನ ಸುತ್ತ ಇಂದು ದೇಶವಿದೇಶಗಳಿಗೆ ಹೋಗುವ ಕೆಂಪು ಗ್ರಾನೈಟಿನ ಗಡಸು ನೆಲವಿದೆ. ಬಾದಾಮಿಯ ಕಡೆಗೆ ಸಾಗಿದರೆ ಮರಳುಗಲ್ಲಿನ ಬೆಟ್ಟಗಳು ಗೋಡೆ ಎದ್ದಂತೆ ನೇರವಾಗಿ ನಿಂತಿವೆ. ಇವೆಲ್ಲವನ್ನೂ ಕತ್ತರಿಸಿಕೊಂಡು ಹರಿಯುವ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮಳೆಗಾಲದಲ್ಲಿ ಈ ಎರಡು ನದಿಗಳೂ ತೋಪುಗಾಡಿಗಳಿಗೆ ದಾಟಲಾಗದ ಗಡಿಗಳು.

ದಸರೆಯಲ್ಲಿ ಬನ್ನಿ ಮುಡಿದ ಮೇಲೆ ದಂಡಯಾತ್ರೆಗೆ ಹೊರಡುವ ಪದ್ಧತಿಗೆ ಧಾರ್ಮಿಕ ಕಾರಣವಿದ್ದಂತೆಯೇ ನೆಲದ ಕಾರಣವೂ ಇತ್ತು. ಆ ಹೊತ್ತಿಗೆ ಮಳೆ ನಿಂತು, ಹೊಳೆ ಇಳಿದು, ಎರೆ ಆರತೊಡಗುತ್ತದೆ, ಎತ್ತುಗಳಿಗೆ ಹಸಿರು ಮೇವು ಸಿಗುತ್ತದೆ. ಜನವರಿಯಿಂದ ಮೇ ತಿಂಗಳವರೆಗಿನ ಅವಧಿ ಭಾರೀ ತೋಪುಗಳ ಕಾಲ. ಮುಂದೆ ಬರುವ ಮುತ್ತಿಗೆಗಳ ತಿಂಗಳುಗಳನ್ನು ಗಮನಿಸಿದರೆ ಬಹುತೇಕ ಎಲ್ಲವೂ ಈ ಅವಧಿಯೊಳಗೇ ಬೀಳುತ್ತವೆ.

2. ಭಾರವೇ ಬಲವಾಗಿದ್ದ ಕಾಲ

ದಖ್ಖನಿನಲ್ಲಿ ತೋಪು ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡ ಆರಂಭದ ಯುದ್ಧಗಳಲ್ಲಿ 1520ರ ರಾಯಚೂರು ಯುದ್ಧ ಮುಖ್ಯವಾದುದು. ಕೃಷ್ಣದೇವರಾಯನ ಸೈನ್ಯದ ಮೇಲೆ ಇಸ್ಮಾಯಿಲ್ ಆದಿಲ್ ಶಾಹನ ತೋಪುಗಳು ಮೊದಲ ಸುತ್ತಿನಲ್ಲಿ ಭಾರೀ ಪೆಟ್ಟು ಕೊಟ್ಟವು. ಆದರೆ ಮರಳಿ ಮದ್ದುಗುಂಡು ತುಂಬಲು ಹೊತ್ತು ಹಿಡಿಯುವ, ಮುಖ ತಿರುಗಿಸಲು ಬಾರದ, ಹಿಂದೆಗೆಯಲೂ ಆಗದ ಆ ತೋಪುಗಳು ರಾಯನ ಎರಡನೆಯ ದಾಳಿಯ ಎದುರು ನಿಷ್ಪ್ರಯೋಜಕವಾದವು. ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಬರೆದಿಟ್ಟಿರುವ ವೃತ್ತಾಂತದ ಪ್ರಕಾರ ಸಣ್ಣವನ್ನು ಬಿಟ್ಟು ನಾಲ್ಕು ನೂರು ದೊಡ್ಡ ತೋಪುಗಳು ವಿಜಯನಗರದ ಕೈವಶವಾದವು. ಓಡಲಾರದ ತೋಪು ಸೋತವನಿಂದ ಗೆದ್ದವನಿಗೆ ಸಲ್ಲುವ ಕಪ್ಪವಾಗುತ್ತದೆ ಎಂಬ ಪಾಠ ಅಲ್ಲಿಯೇ ಆರಂಭವಾಯಿತು.

ಆದರೂ ಭಾರದ ಮೋಹ ಬೇಗ ಹೋಗಲಿಲ್ಲ. ವಿಜಯಪುರದ ಬುರುಜಿನ ಮೇಲಿರುವ ಮಲಿಕ್-ಇ-ಮೈದಾನ್ ತೋಪನ್ನು 1549ರಲ್ಲಿ ಅಹಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದನು. ಸುಮಾರು 55 ಟನ್ ತೂಗುವುದೆಂದು ಎಣಿಸಲಾದ ಈ ಕಂಚಿನ ತೋಪನ್ನು 1632ರಲ್ಲಿ ಪರಾಂಡಾ ಕೋಟೆಯಿಂದ ವಿಜಯಪುರಕ್ಕೆ ತರಲು 10 ಆನೆ, 400 ಎತ್ತು ಮತ್ತು ನೂರಾರು ಆಳುಗಳು ಬೇಕಾಯಿತೆಂದು ಪರಂಪರೆಯ ಕಥನ ಹೇಳುತ್ತದೆ. ಒಮ್ಮೆ ಬುರುಜಿನ ಮೇಲೆ ಏರಿಸಿದ ಬಳಿಕ ಅದು ಕೋಟೆಯ ಒಂದು ಅಂಗವೇ ಆಯಿತು. ಯುದ್ಧ ತನ್ನ ಬಳಿಗೆ ಬಂದಾಗ ಮಾತ್ರ ಅದು ಯುದ್ಧ ಮಾಡಬಲ್ಲುದಾಗಿತ್ತು.

ಇದಕ್ಕೆ ಪ್ರತಿಯಾದ ಇನ್ನೊಂದು ಧಾರೆಯೂ ಅದೇ ಕಾಲದಲ್ಲಿ ಬೆಳೆಯಿತು. 1565ರ ಜನವರಿಯಲ್ಲಿ, ರಕ್ಕಸಗಿ–ತಂಗಡಗಿ ಯುದ್ಧವೆಂದು ಜನರ ನೆನಪಿನಲ್ಲಿ ಉಳಿದಿರುವ ಕಾಳಗದಲ್ಲಿ, ಹುನಗುಂದ ಸೀಮೆಗೆ ಸಮೀಪದ ಕೃಷ್ಣಾತೀರವನ್ನು ದಾಟಿ ಬಂದ ಸುಲ್ತಾನರ ಕೂಟದ ತೋಪುಖಾನೆಯನ್ನು ಅಹಮದ್‌ನಗರದ ಚಲಬಿ ರೂಮಿಖಾನ್ ನಡೆಸಿದನು. ಇತಿಹಾಸಕಾರ ಫೆರಿಸ್ತಾ ಹೇಳುವಂತೆ 600 ತೋಪುಗಳನ್ನು ಮೂರು ಸಾಲುಗಳಲ್ಲಿ ನಿಲ್ಲಿಸಲಾಗಿತ್ತು: ಮುಂದೆ ಭಾರೀ ತೋಪುಗಳು, ಅವುಗಳ ಹಿಂದೆ ಸಣ್ಣವು, ಕೊನೆಗೆ ಜಂಬೂರಕಗಳು. ಜಂಬೂರಕವೆಂದರೆ ತಿರುಗುಗೂಟದ ಮೇಲೆ ಕೂರಿಸಿದ ಹಗುರ ತೋಪು. ಅದನ್ನು ಒಂಟೆಯ ಬೆನ್ನಿನ ಮೇಲೆ ಕಟ್ಟಿ, ಸವಾರನೇ ಗುರಿ ಹಿಡಿದು ಹಾರಿಸುವ ಪದ್ಧತಿ ಇತ್ತು. ಆನೆಯ ಮೇಲಿನ ಇಂಥ ತೋಪಿಗೆ ಗಜನಾಲ ಎಂಬ ಹೆಸರು ಮೊಗಲರ ದಾಖಲೆಗಳಲ್ಲಿ ಸಿಗುತ್ತದೆ. ಹೊರುವ ಬಲ ಮತ್ತು ಹಾರಿಸುವ ಕೊಳವೆ ಒಂದಾದದ್ದು ಇಲ್ಲಿ. ಇಂದಿನ ಸ್ವಯಂಚಾಲಿತ ಫಿರಂಗಿಯ ಮೂಲತತ್ತ್ವ, ಎಂಜಿನ್ ಒಂದನ್ನು ಬಿಟ್ಟು, ಈ ಒಂಟೆಯ ಬೆನ್ನಿನ ಮೇಲೆ ಆಗಲೇ ಸಿದ್ಧವಾಗಿತ್ತು. ಕೊರತೆ ಇದ್ದದ್ದು ಗುಂಡಿನ ತೂಕದಲ್ಲಿ. ಪ್ರಾಣಿ ಹೊರಬಲ್ಲ ತೋಪು ಕೋಟೆಗೋಡೆಯನ್ನು ಒಡೆಯಲಾರದು, ಕೋಟೆಗೋಡೆಯನ್ನು ಒಡೆಯುವ ತೋಪನ್ನು ಪ್ರಾಣಿ ಹೊರಲಾರದು; ಎಳೆಯಬೇಕು.

3. ಅಮೃತಮಹಲ್ ಎತ್ತು

ಎಳೆಯುವ ಬಲವನ್ನು ರಾಜ್ಯದ ಸಂಸ್ಥೆಯಾಗಿ ಕಟ್ಟಿದ ಕೀರ್ತಿ ಮೈಸೂರಿನದು. ಚಿಕ್ಕದೇವರಾಜ ಒಡೆಯರ (1672–1704) ಕಾಲದಲ್ಲಿ ಅರಮನೆಯ ಹಸುಗಳ ಇಲಾಖೆ ‘ಬೆಣ್ಣೆ ಚಾವಡಿ’ ಎಂಬ ಹೆಸರಿನಲ್ಲಿ ವ್ಯವಸ್ಥಿತವಾಯಿತು. ಮೇವಿಗಾಗಿ ಕಾವಲುಗಳನ್ನು, ಎಂದರೆ ಉಳುಮೆಗೆ ಬಿಡದೆ ಕಾದಿಟ್ಟ ಹುಲ್ಲುಗಾವಲುಗಳನ್ನು, ಗೊತ್ತುಪಡಿಸಲಾಯಿತು. ಹೈದರಾಲಿ ಆ ಹಿಂಡುಗಳನ್ನು ಸೈನ್ಯದ ಕೆಲಸಕ್ಕೆ ಹಚ್ಚಿದನು, ಟಿಪ್ಪು ಸುಲ್ತಾನ್ ಆ ಇಲಾಖೆಗೆ ಅಮೃತಮಹಲ್ ಎಂಬ ಹೆಸರಿಟ್ಟು ಅದರ ನಡವಳಿಕೆಗೆ ನಿಯಮಗಳನ್ನು ಮಾಡಿದನು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ತಳಿಗಳಿಂದ ರೂಪುಗೊಂಡ ಈ ಎತ್ತು ಗಾತ್ರದಲ್ಲಿ ಭಾರಿಯಲ್ಲ. ಉದ್ದವಾಗಿ ಹಿಂದಕ್ಕೆ ಬಾಗಿದ ಕೊಂಬು, ಬಿಗಿದ ಮೈಕಟ್ಟು, ಗಟ್ಟಿ ಗೊರಸು, ವೇಗದ ನಡಿಗೆ ಇದರ ಗುಣಗಳು.

ಈ ಎತ್ತುಗಳ ಬಲದಿಂದ ಹೈದರಾಲಿ 1781ರಲ್ಲಿ ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿದನೆಂದೂ, ಸೋತ ಕಾಳಗಗಳಲ್ಲಿ ಸಹ ಶತ್ರುವಿನ ಕಣ್ಣೆದುರೇ ತನ್ನ ತೋಪುಗಳನ್ನು ಎಳೆಸಿಕೊಂಡು ಪಾರಾದನೆಂದೂ ಇಂಗ್ಲಿಷರ ಬರವಣಿಗೆಗಳೇ ಒಪ್ಪಿಕೊಳ್ಳುತ್ತವೆ. 1520ರಲ್ಲಿ ರಾಯಚೂರಿನಲ್ಲಿ ಸೋತವನು ತೋಪುಗಳನ್ನು ಬಿಟ್ಟು ಓಡಿದ್ದನು, 1781ರ ಜುಲೈ 1ರಂದು ಪೋರ್ಟೊ ನೋವೊದಲ್ಲಿ ಸೋತ ಹೈದರನು ತೋಪುಗಳನ್ನು ಉಳಿಸಿಕೊಂಡು ಹಿಂದೆಗೆದನು. ಈ ಎರಡು ಸೋಲುಗಳ ನಡುವಿನ ವ್ಯತ್ಯಾಸ ಎರಕದ ವಿದ್ಯೆಯಿಂದ ಬಂದದ್ದಲ್ಲ, ಕಾವಲಿನಲ್ಲಿ ಮೇಯ್ದು ಬೆಳೆದ ಎತ್ತಿನಿಂದ ಬಂದದ್ದು. ಪೋರ್ಟೊ ನೋವೊದಲ್ಲಿ ಇಂಗ್ಲಿಷ್ ಸೈನ್ಯದಲ್ಲಿದ್ದ ಕಿರಿಯ ಅಧಿಕಾರಿಗಳಲ್ಲಿ ಥಾಮಸ್ ಮನ್ರೋ ಒಬ್ಬನೆಂಬುದು ಮುಂದಿನ ಕಥೆಗೆ ಮುಖ್ಯ.

ತೋಪಿನ ಹಿಂದೆ ನಡೆಯುವ ಹೇರೆತ್ತುಗಳನ್ನೂ ಇಲ್ಲಿ ಮರೆಯುವಂತಿಲ್ಲ. ದಂಡಿಗೆ ಬೇಕಾದ ಕಾಳುಕಡಿಯನ್ನು ಸಾವಿರಾರು ಎತ್ತುಗಳ ಮೇಲೆ ಹೇರಿಕೊಂಡು ಮೊಗಲ, ಮರಾಠ, ಮೈಸೂರು, ಇಂಗ್ಲಿಷ್ ಸೈನ್ಯಗಳೆಲ್ಲವನ್ನೂ ಪೋಷಿಸಿದವರು ಬಂಜಾರರು. ಬಾದಾಮಿ, ಹುನಗುಂದ, ಇಳಕಲ್ಲಿನ ಆಸುಪಾಸಿನ ಲಂಬಾಣಿ ತಾಂಡಾಗಳ ಸಮುದಾಯದ ಪೂರ್ವಿಕರು ದಖ್ಖನಿನ ಯುದ್ಧಚರಿತ್ರೆಯಲ್ಲಿ ವಹಿಸಿದ ಪಾತ್ರ ಇಂದಿಗೂ ಸಾಕಷ್ಟು ಬರವಣಿಗೆಗೆ ಬಂದಿಲ್ಲ.

4. ಬಾದಾಮಿಯ ಎರಡು ಮುತ್ತಿಗೆಗಳು

ಬಾದಾಮಿಯ ಪಟ್ಟಣವನ್ನು ಬಾವನ್ ಬಂಡೆ ಕೋಟೆ ಮತ್ತು ರಣಮಂಡಲ ಕೋಟೆ ಎಂಬ ಎರಡು ಗಿರಿದುರ್ಗಗಳು ಕಾಯುತ್ತವೆ. ಕೆಳಗೆ ಪಟ್ಟಣಕ್ಕೆ ಪ್ರತ್ಯೇಕ ಗೋಡೆಯಿತ್ತು. ಬೆಟ್ಟದ ಮೇಲೆ ಈಗಲೂ ಉಳಿದಿರುವ ಕಬ್ಬಿಣದ ತೋಪನ್ನು ಜನ ಟಿಪ್ಪುವಿನ ತೋಪೆಂದು ಕರೆಯುತ್ತಾರೆ. 1786ರ ಮೇ ತಿಂಗಳಲ್ಲಿ ಟಿಪ್ಪುವಿನ ಕಾವಲು ಪಡೆಯಿದ್ದ ಈ ಸ್ಥಳವನ್ನು ಪೇಶವೆ ಮತ್ತು ನಿಜಾಮರ ಕೂಡುಸೈನ್ಯ ಮುತ್ತಿತು. ಸುಮಾರು ಮೂರು ವಾರ ತೋಪು ಹೊಡೆದರೂ ಗೋಡೆ ಬಿರುಕು ಬಿಟ್ಟಿತೇ ಹೊರತು ನುಗ್ಗುವಷ್ಟು ಕಿಂಡಿ ಬೀಳಲಿಲ್ಲ. ಕೊನೆಗೆ ತೋಪಿನ ಮೇಲಿನ ಭರವಸೆ ಬಿಟ್ಟು, ಸಾವಿರಾರು ಸೈನಿಕರು ಏಣಿ ಹಾಕಿ ಪಟ್ಟಣದ ಗೋಡೆ ಹತ್ತಿದರು. ಮೇಲಿನ ಕೋಟೆಗಳಿಂದ ಬಂಡೆಗಳನ್ನು ಉರುಳಿಸಿ ತಡೆದ ಕಾವಲುಗಾರರು ಬಳಿಕ ಶರಣಾದರು. ಮರುವರ್ಷ, 1787ರಲ್ಲಿ, ಇಲ್ಲಿಂದ ದೂರವಿಲ್ಲದ ಗಜೇಂದ್ರಗಡದಲ್ಲಿ ಆದ ಒಪ್ಪಂದದಂತೆ ಬಾದಾಮಿ ಮರಾಠರಿಗೆ ಸಂದಿತು. ತೋಪುಗಳಿದ್ದೂ ಅವು ನಿರ್ಣಾಯಕವಾಗದ ಮುತ್ತಿಗೆ ಇದು.

1800ರಲ್ಲಿ ಬಂಡುಕೋರ ನಾಯಕ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಬಂದ ಆರ್ಥರ್ ವೆಲ್ಲೆಸ್ಲಿ, ಶ್ರೀರಂಗಪಟ್ಟಣದ ಪತನದ ನಂತರ ಕಂಪನಿಯ ಕೈಸೇರಿದ್ದ ಅಮೃತಮಹಲ್ ಎತ್ತುಗಳನ್ನು ಬಳಸಿದನು. ಜುಲೈ ಕೊನೆಯಲ್ಲಿ ಮುನವಳ್ಳಿಯ ಬಳಿ ತುಂಬಿ ಹರಿಯುತ್ತಿದ್ದ ಮಲಪ್ರಭೆಯ ದಂಡೆಯಲ್ಲಿ ಧೋಂಡಿಯಾನ ಪಾಳೆಯದ ಮೇಲೆ ದಾಳಿ ನಡೆಯಿತು. ಹೊಳೆ ದಾಟಿಸಿ ಆಚೆ ದಡದಲ್ಲಿರಿಸಿದ್ದ ಅವನ ತೋಪುಗಳು ಸಹ ಕೊನೆಗೆ ವೆಲ್ಲೆಸ್ಲಿಯ ವಶವಾದವು. ಮುಂದೆ ವೆಲಿಂಗ್ಟನ್ ಡ್ಯೂಕನಾಗಿ ಪ್ರಸಿದ್ಧನಾದ ಈ ಸೇನಾನಿ ಸ್ಪೇನಿನ ಯುದ್ಧದಲ್ಲಿ ಸಾಗಣೆಗೆ ಪರದಾಡುವಾಗ ಮೈಸೂರಿನ ಈ ಎತ್ತುಗಳನ್ನು ನೆನೆದನೆಂದು ದಾಖಲಾಗಿದೆ.

ಬಾದಾಮಿಯ ಎರಡನೆಯ ಮುತ್ತಿಗೆ 1818ರದು. ಮೂರನೆಯ ಮರಾಠ ಯುದ್ಧದಲ್ಲಿ ಧಾರವಾಡದಿಂದ ಹೊರಟ ಮನ್ರೋ, ಪೋರ್ಟೊ ನೋವೊದಲ್ಲಿ ಹೈದರನ ತೋಪುಗಳು ಕೈತಪ್ಪಿ ಹೋದುದನ್ನು ಕಂಡಿದ್ದ ಅದೇ ಮನ್ರೋ, ಜನವರಿಯಲ್ಲಿ ಗದಗ, ಡಂಬಳಗಳನ್ನು ವಶಪಡಿಸಿಕೊಂಡು, ಹೊಳೆಆಲೂರಿನ ಮೂಲಕ ಫೆಬ್ರವರಿಯ ಎರಡನೆಯ ವಾರದಲ್ಲಿ ಬಾದಾಮಿಗೆ ಬಂದನು. ಅವನ ಸೈನ್ಯ ಚಿಕ್ಕದು. ಆದರೆ ಅವನ ಜೊತೆ ಮುತ್ತಿಗೆಯ ತೋಪುಗಳು ಬಂದಿದ್ದವು.

ಅಂಥ ಒಂದು ತೋಪಿನ ನಡೆಯನ್ನು ಹತ್ತಿರದಿಂದ ನೋಡಬೇಕು. 24 ಪೌಂಡಿನ ಗುಂಡು ಹಾರಿಸುವ ಕಬ್ಬಿಣದ ತೋಪಿನ ಕೊಳವೆಯೊಂದೇ ಸುಮಾರು ಎರಡೂವರೆ ಟನ್ ತೂಗುತ್ತದೆ. ಕೊಳವೆಯ ಎರಡು ಪಕ್ಕಗಳಲ್ಲಿ ಚಾಚಿರುವ ಗೂಟಗಳಿಗೆ ಟ್ರನ್ನಿಯನ್ ಎಂದು ಹೆಸರು. ಇವುಗಳ ಆಧಾರದಿಂದಲೇ ಕೊಳವೆ ಗಾಡಿಯ ಮೇಲೆ ಕುಳಿತು ಮೇಲೆ ಕೆಳಗೆ ಬಾಗುತ್ತದೆ. ಪ್ರಯಾಣದ ಹೊತ್ತಿನಲ್ಲಿ ಕೊಳವೆಯನ್ನು ಮುಂದಿನ ಕಚ್ಚಿನಿಂದ ಎತ್ತಿ ಗಾಡಿಯ ಹಿಂದಿನ ಕಚ್ಚಿಗೆ ಸರಿಸುತ್ತಿದ್ದರು. ಗಾಡಿಯ ಬಾಲವನ್ನು ಲಿಂಬರ್ ಎಂಬ ಎರಡು ಗಾಲಿಯ ಮುಂಬಂಡಿಗೆ ಸಿಕ್ಕಿಸುತ್ತಿದ್ದರು. ಹೀಗೆ ಭಾರ ನಾಲ್ಕು ಗಾಲಿಗಳ ಮೇಲೆ ಹಂಚಿಹೋಗುತ್ತಿತ್ತು. ಮುಂದೆ ಹತ್ತಾರು ಜೋಡಿ ಎತ್ತುಗಳು. ಹಳ್ಳದ ಏರಿನಲ್ಲಿ ಗಾಲಿ ಹೂತಾಗ ಹಿಂದಿನಿಂದ ಆನೆ ಹಣೆ ಕೊಟ್ಟು ನೂಕುತ್ತಿತ್ತು. ಕೋಟೆಯ ಎದುರು ಬಂದ ಮೇಲೆ ರಾತ್ರಿಯ ಕತ್ತಲಲ್ಲಿ ಮಣ್ಣಿನ ಒಡ್ಡು ಹಾಕಿ, ಕೊಳವೆಯನ್ನು ಮುಂದಿನ ಕಚ್ಚಿಗೆ ಮರಳಿಸಿ, ಎತ್ತುಗಳನ್ನು ಬಿಚ್ಚಿ ದೂರ ಅಟ್ಟುತ್ತಿದ್ದರು. ಆ ಕ್ಷಣದಿಂದ ತೋಪು ಮತ್ತೆ ಅಚಲ. ಪ್ರತಿ ಹೊಡೆತಕ್ಕೂ ಹಿಂದೆ ಸಿಡಿಯುವ ಗಾಡಿಯನ್ನು ಆಳುಗಳು ಭುಜ ಕೊಟ್ಟು ಮುಂದೆ ನೂಕಿ, ಮತ್ತೆ ಗುರಿ ಕೂಡಿಸಬೇಕಾಗಿತ್ತು.

ಮನ್ರೋನ ತೋಪುಗಳು ಫೆಬ್ರವರಿ 17ರ ಹೊತ್ತಿಗೆ ಬಾದಾಮಿಯ ಕೆಳಗೋಡೆಯಲ್ಲಿ ದಾರಿ ಮಾಡಿದವು. 18ರ ಮುಂಜಾನೆ ಸೈನ್ಯ ಒಳನುಗ್ಗಿತು, ಮೇಲಿನ ಕೋಟೆಗಳು ಶರಣಾದವು. ಕೆಲವೇ ದಿನಗಳಲ್ಲಿ ಬಾಗಲಕೋಟೆಯೂ ಅವನ ಕೈಸೇರಿತು. ಅದೇ ತೋಪುಗಳು ಮುಂದೆ ಬೆಳಗಾವಿಯ ಕೋಟೆಯ ಎದುರು ನಿಂತವು. 1786ರಲ್ಲಿ ಮೂರು ವಾರದ ಹೊಡೆತ ಮಾಡಲಾಗದ ಕೆಲಸವನ್ನು 1818ರಲ್ಲಿ ಒಂದು ವಾರದೊಳಗೆ ಮಾಡಿದ್ದು ತೋಪಿನ ಉತ್ತಮ ಎರಕ ಮತ್ತು ಗುರಿಗಾರಿಕೆಯ ಫಲ. ಆದರೆ ಒಂದೇ ಬೇಸಿಗೆಯಲ್ಲಿ ಧಾರವಾಡದಿಂದ ಸೊಲ್ಲಾಪುರದವರೆಗೆ ಕೋಟೆಯ ಹಿಂದೆ ಕೋಟೆ ಬಿದ್ದದ್ದು ತೋಪುಗಳನ್ನು ಎಡೆಬಿಡದೆ ನಡೆಸಿದ ಸಾಗಣೆಯ ಫಲ.

5. ಎಂಜಿನ್ನಿನ ಪ್ರವೇಶ

ರೈಲು ಮತ್ತು ಉಗಿಯಂತ್ರಗಳು ಬಂದ ಮೇಲೆ ತೋಪಿನ ಎತ್ತುಗಳ ಬೆಲೆ ಕುಸಿಯಿತು. ಅಮೃತಮಹಲ್ ಸಂಸ್ಥೆಯನ್ನು 1860ರಲ್ಲಿ ಖರ್ಚು ತಗ್ಗಿಸುವ ಹೆಸರಿನಲ್ಲಿ ಮುಚ್ಚಿ ಹಿಂಡುಗಳನ್ನು ಮಾರಲಾಯಿತು. ಸಾಗಣೆಯ ಎತ್ತುಗಳಿಗೆ ಅಭಾವ ಉಂಟಾದಾಗ 1866ರಲ್ಲಿ ಮತ್ತೆ ಆರಂಭಿಸಬೇಕಾಯಿತು. ಎಂಜಿನ್ ಇನ್ನೂ ಹೊಲಗದ್ದೆಗಳ ನಡುವೆ ತೋಪನ್ನು ಒಯ್ಯುವಷ್ಟು ಬೆಳೆದಿರಲಿಲ್ಲ.

ಅದು ಬೆಳೆದದ್ದು ಮೊದಲನೆಯ ಮಹಾಯುದ್ಧದಲ್ಲಿ. ಫ್ರಾನ್ಸ್ ಮತ್ತು ಬೆಲ್ಜಿಯಂಗಳ ಕೆಸರಿನಲ್ಲಿ ಗಾಲಿಗಳು ಹೂತುಹೋದಾಗ ಬ್ರಿಟಿಷರು 1917ರಲ್ಲಿ ಟ್ಯಾಂಕಿನ ಮಾದರಿಯ ತೋಪುವಾಹಕವೊಂದನ್ನು ರಣರಂಗಕ್ಕಿಳಿಸಿದರು. ಗಾಲಿಯ ಬದಲು ಟ್ರ್ಯಾಕ್, ಎಂದರೆ ಕಬ್ಬಿಣದ ಹಲಗೆಗಳನ್ನು ಸರಪಳಿಯಂತೆ ಹೆಣೆದ ಪಟ್ಟಿ, ಅದರ ಭಾರವನ್ನು ಅಗಲವಾದ ನೆಲದ ಮೇಲೆ ಹರಡಿತು. ಎರೆಭೂಮಿಯಲ್ಲಿ ಬಂಡಿ ಹೊಡೆದ ಯಾವ ರೈತನಿಗಾದರೂ ಈ ಉಪಾಯದ ಬೆಲೆ ವಿವರಣೆಯಿಲ್ಲದೆ ತಿಳಿಯುತ್ತದೆ. ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕದ 105 ಮಿ.ಮೀ. ‘ಪ್ರೀಸ್ಟ್’ನಂಥ ವಾಹನಗಳು 1942ರ ಎಲ್ ಅಲಮೀನ್ ಯುದ್ಧದಲ್ಲಿ ಟ್ಯಾಂಕುಗಳ ಬೆನ್ನಿಗೇ ಸಾಗಿ ಬೆಂಬಲ ನೀಡಿದವು. ಮಿಲಿಮೀಟರಿನಲ್ಲಿ ಹೇಳುವ ಈ ಅಳತೆ ಕೊಳವೆಯ ಒಳವ್ಯಾಸ. ಅದಕ್ಕೆ ಕ್ಯಾಲಿಬರ್ ಎನ್ನುತ್ತಾರೆ.

6. ಭಾರತದ ಸ್ವಯಂಚಾಲಿತ ಫಿರಂಗಿಗಳು

ಸ್ವತಂತ್ರ ಭಾರತದ ಸೈನ್ಯ ಮೊದಲು ಕೆನಡಾದಲ್ಲಿ ತಯಾರಾದ ಸೆಕ್ಸ್ಟನ್ ಮತ್ತು ಬ್ರಿಟಿಷ್ ಮೂಲದ ಅಬಟ್ ವಾಹನಗಳನ್ನು ಬಳಸಿತು. ದೂರ ಹೊಡೆಯುವ ಸ್ವಯಂಚಾಲಿತ ಫಿರಂಗಿಯ ಅಗತ್ಯ ಬಿದ್ದಾಗ ಭಾರತೀಯ ಎಂಜಿನಿಯರುಗಳು ಕೈಯಲ್ಲಿದ್ದ ಎರಡು ಸಾಮಗ್ರಿಗಳನ್ನು ಬೆಸೆದರು: 27 ಕಿ.ಮೀ. ದೂರ ಹೊಡೆಯುವ ಸೋವಿಯತ್ ಮೂಲದ 130 ಮಿ.ಮೀ. ಎಂ-46 ಫಿರಂಗಿ ಮತ್ತು ಚೆನ್ನೈ ಬಳಿಯ ಆವಡಿಯಲ್ಲಿ ತಯಾರಾಗುತ್ತಿದ್ದ ವಿಜಯಂತ ಟ್ಯಾಂಕಿನ ಚಾಸಿ, ಎಂದರೆ ಎಂಜಿನ್ ಮತ್ತು ಟ್ರ್ಯಾಕುಗಳಿರುವ ತಳಕಟ್ಟು. ಚಾಸಿಯನ್ನು ಉದ್ದ ಮಾಡಿ, ಫಿರಂಗಿಯನ್ನು ಅದರ ನಡುವೆ ಕೂರಿಸಿ, ಸಿಬ್ಬಂದಿಯ ತಲೆಯ ಮೇಲೆ ಉಕ್ಕಿನ ಚಾವಣಿ ಹೊದಿಸಿದ ಈ ವಾಹನಕ್ಕೆ ‘ಕ್ಯಾಟಪಲ್ಟ್’ ಎಂದು ಹೆಸರಾಯಿತು. ಅಂದವಿಲ್ಲದಿದ್ದರೂ ಇದು ಗಟ್ಟಿ ಕೆಲಸ. ದಶಕಗಳ ಕಾಲ ಪಶ್ಚಿಮ ಗಡಿಯ ರಕ್ಷಣೆಯಲ್ಲಿ ಪಾಲು ವಹಿಸಿತು.

1986ರಲ್ಲಿ ಸ್ವೀಡನ್ನಿನಿಂದ ಕೊಳ್ಳಲು ಒಪ್ಪಂದವಾದ 410 ಬೊಫೋರ್ಸ್ ಫಿರಂಗಿಗಳು ಎಳೆಯುವ ವರ್ಗಕ್ಕೆ ಸೇರಿದವು. ಆದರೂ ಅವುಗಳ ಗಾಡಿಯಲ್ಲಿಯೇ ಸಣ್ಣ ಎಂಜಿನ್ ಇದ್ದು, ಲಾರಿಯಿಂದ ಬಿಚ್ಚಿದ ಮೇಲೆ ಸ್ವಲ್ಪ ದೂರ ತಾವೇ ಸಾಗಬಲ್ಲವು. 1999ರ ಕಾರ್ಗಿಲ್ ಯುದ್ಧದಲ್ಲಿ ಅವುಗಳ ಪಾತ್ರ ಸರ್ವವಿದಿತ. ಅರ್ಜುನ್ ಟ್ಯಾಂಕಿನ ಚಾಸಿಯ ಮೇಲೆ ದಕ್ಷಿಣ ಆಫ್ರಿಕದ ಡೆನೆಲ್ ಕಂಪನಿಯ 155 ಮಿ.ಮೀ. ಫಿರಂಗಿಗೋಪುರ ಕೂರಿಸುವ ‘ಭೀಮ್’ ಯೋಜನೆ, 2005ರಲ್ಲಿ ಆ ಕಂಪನಿಯೊಡನೆ ಸರ್ಕಾರ ವ್ಯವಹಾರ ನಿಲ್ಲಿಸಿದ್ದರಿಂದ ಕೈಬಿಟ್ಟುಹೋಯಿತು.

ಆ ಕೊರತೆಯನ್ನು ತುಂಬಿದ್ದು ಕೆ9 ವಜ್ರ. ದಕ್ಷಿಣ ಕೊರಿಯದ ಕೆ9 ಮಾದರಿಯನ್ನು ಭಾರತಕ್ಕೆ ಹೊಂದಿಸಿ ಲಾರ್ಸನ್ ಅಂಡ್ ಟೂಬ್ರೊ ಸಂಸ್ಥೆ ಗುಜರಾತಿನ ಹಜೀರಾದಲ್ಲಿ ತಯಾರಿಸಿದ ಈ ವಾಹನಗಳಲ್ಲಿ 100ಕ್ಕೆ 2017ರಲ್ಲಿ ಒಪ್ಪಂದವಾಗಿ, 2021ರ ಫೆಬ್ರವರಿಯಲ್ಲಿ ನೂರನೆಯದು ಸೈನ್ಯಕ್ಕೆ ಸಂದಿತು. ಇನ್ನೂ 100ಕ್ಕೆ 2024ರ ಡಿಸೆಂಬರಿನಲ್ಲಿ ಒಪ್ಪಂದವಾಯಿತು. 1000 ಅಶ್ವಶಕ್ತಿಯ ಎಂಜಿನ್, ಐವರು ಸಿಬ್ಬಂದಿ, 15 ಸೆಕೆಂಡಿನಲ್ಲಿ ಮೂರು ಗುಂಡು ಹಾರಿಸುವ ಸಾಮರ್ಥ್ಯ, 38 ಕಿ.ಮೀ.ಗೂ ಮೀರಿದ ಹೊಡೆತ ಇದರ ಗುಣಗಳು. ರಾಜಸ್ಥಾನದ ಮರಳಿಗೆಂದು ಕೊಂಡ ಇವುಗಳಲ್ಲಿ ಕೆಲವನ್ನು ಲಡಾಖಿನ ಎತ್ತರಕ್ಕೂ ಒಯ್ಯಲಾಯಿತು. ಬಾದಾಮಿಯಿಂದ ಬಾಗಲಕೋಟೆಗೆ ನೇರ ಅಂತರ ಸುಮಾರು 30 ಕಿ.ಮೀ.; ಮನ್ರೋನ ಎತ್ತುಗಳು ದಿನಗಟ್ಟಲೆ ಎಳೆದ ಆ ದಾರಿ ಇಂದು ಒಂದೇ ಗುಂಡಿನ ಹಾರಾಟದೊಳಗಿದೆ. ಶತ್ರುವಿನ ರಡಾರು ಹಾರಿದ ಗುಂಡಿನ ಪಥದಿಂದ ಹಾರಿಸಿದ ಜಾಗವನ್ನು ಕ್ಷಣಗಳಲ್ಲಿ ಲೆಕ್ಕ ಹಾಕುವ ಈ ಕಾಲದಲ್ಲಿ, ಹೊಡೆದು ಕೂಡಲೇ ಜಾಗ ಬಿಡಬಲ್ಲ ಫಿರಂಗಿ ಮಾತ್ರ ಉಳಿಯುತ್ತದೆ.

ಕರ್ನಾಟಕದ ಪಾಲು ಈ ಅಧ್ಯಾಯದಲ್ಲಿಯೂ ಇದೆ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಬಿ.ಇ.ಎಂ.ಎಲ್. ಸಂಸ್ಥೆ 1980ರ ದಶಕದಿಂದ ಟಾಟ್ರಾ ಮಾದರಿಯ ಭಾರೀ ಲಾರಿಗಳನ್ನು ತಯಾರಿಸುತ್ತ ಬಂದಿದೆ. 44 ಸೆಕೆಂಡುಗಳಲ್ಲಿ 12 ರಾಕೆಟ್ ಹಾರಿಸುವ ಪಿನಾಕ ವ್ಯವಸ್ಥೆ ಸಾಗುವುದು ಇಂಥ ಲಾರಿಗಳ ಮೇಲೆ. ಆರು ಪಿನಾಕ ರೆಜಿಮೆಂಟುಗಳಿಗಾಗಿ 2020ರಲ್ಲಿ ಆದ ಒಪ್ಪಂದದಲ್ಲಿ ವಾಹನಗಳನ್ನು ಒದಗಿಸುವ ಹೊಣೆ ಇದೇ ಸಂಸ್ಥೆಗೆ ಬಂದಿತು. ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ಸೈನ್ಯದ ನಿಯತ ಅಂಗವಾಗಿ ಮಾಡಿದ ಮೈಸೂರಿನ ನೆಲದಲ್ಲಿ ಬೆಳೆದ ಸಂಸ್ಥೆ ಆ ಕೆಲಸಕ್ಕೆ ಕೈಹಾಕಿರುವುದು ಅರ್ಥಪೂರ್ಣವಾಗಿದೆ.

7. ಸಮಾರೋಪ

ಐನೂರು ವರ್ಷಗಳ ಈ ಚರಿತ್ರೆಯಿಂದ ಒಂದು ತೀರ್ಮಾನ ಸ್ಪಷ್ಟವಾಗುತ್ತದೆ: ದಖ್ಖನಿನಲ್ಲಿ ತೋಪು ಗೆದ್ದ ಕಡೆಗಳಲ್ಲೆಲ್ಲ ಅದರ ಹಿಂದೆ ನೆಲವನ್ನು ಅರಿತ ಒಂದು ಸಾಗಣೆಯ ವ್ಯವಸ್ಥೆ ಇತ್ತು. ಒಂಟೆಯ ಮೇಲಿನ ಜಂಬೂರಕ, ಅಮೃತಮಹಲ್ ಎತ್ತಿನ ನೊಗ, ಕ್ಯಾಟಪಲ್ಟಿನ ಬೆಸುಗೆ ಹಾಕಿದ ಚಾಸಿ, ವಜ್ರದ ಟ್ರ್ಯಾಕು ಇವೆಲ್ಲ ಒಂದೇ ಪ್ರಶ್ನೆಗೆ ಆಯಾ ಕಾಲದ ಜನ ಕೊಟ್ಟ ಉತ್ತರಗಳು. ಸ್ವಯಂಚಾಲಿತ ಫಿರಂಗಿಯನ್ನು ಪರದೇಶದ ಯಂತ್ರವೆಂದಷ್ಟೇ ಓದುವ ವಿದ್ಯಾರ್ಥಿ ಆ ಪ್ರಶ್ನೆ ತನ್ನ ಊರಿನ ಹೊಲದ ಬದುವಿನಲ್ಲಿಯೇ ಹುಟ್ಟಿದ್ದನ್ನು ತಿಳಿಯದೆ ಹೋಗುತ್ತಾನೆ.

ಆದುದರಿಂದ ಈ ಜಿಲ್ಲೆಯ ಕಾಲೇಜುಗಳ ಇತಿಹಾಸ ವಿಭಾಗಗಳು ಮಾಡಬೇಕಾದ ಕೆಲಸ ಬಾಕಿ ಇದೆ. ಬಾದಾಮಿಯ ಎರಡೂ ಗಿರಿದುರ್ಗಗಳಲ್ಲಿ, ಸುತ್ತಲಿನ ಊರುಗಳ ಹುಡೆಗಳಲ್ಲಿ ಉಳಿದಿರುವ ತೋಪುಗಳ ಉದ್ದ, ಬಾಯಿಯ ಅಳತೆ, ಮೇಲಿನ ಗುರುತುಗಳನ್ನು ದಾಖಲಿಸಬೇಕು; 1786 ಮತ್ತು 1818ರ ಒಡ್ಡುಗಳಿದ್ದ ಜಾಗಗಳನ್ನು ನೆಲದ ಮೇಲೆ ಹುಡುಕಿ ನಕ್ಷೆಯಲ್ಲಿ ಗುರುತಿಸಬೇಕು; ತಾಂಡಾಗಳ ಹಿರಿಯರಿಂದ ಹೇರೆತ್ತಿನ ಕಾಲದ ಮಾತುಗಳನ್ನು ಕೇಳಿ ಬರೆದಿಡಬೇಕು. ಅಜ್ಜಂಪುರದ ಕಾವಲುಗಳಲ್ಲಿ ಅಮೃತಮಹಲ್ ತಳಿಯನ್ನೂ ಈ ನದಿಗಳ ಬಯಲಿನಲ್ಲಿ ಕೃಷ್ಣಾ ಕೊಳ್ಳದ ತಳಿಯನ್ನೂ ಉಳಿಸಿಕೊಳ್ಳುವುದು ಇದೇ ಚರಿತ್ರೆಯ ರಕ್ಷಣೆಯ ಭಾಗ. ತುಕ್ಕು ಹಿಡಿಯುತ್ತಿರುವ ಕಬ್ಬಿಣ ಮತ್ತು ಮರೆಯಾಗುತ್ತಿರುವ ಹಿರಿಯರ ನೆನಪು ಎರಡೂ ಹೆಚ್ಚು ದಿನ ಕಾಯುವುದಿಲ್ಲ. ಈ ಕೆಲಸವನ್ನು ಈ ಪೀಳಿಗೆಯೇ ಕೈಗೆತ್ತಿಕೊಳ್ಳಬೇಕು.